ಹಾಲುಹಲ್ಲಿನ ಪೂರ್ವೋತ್ತರ

ಸಂಸ್ಕೃತದಲ್ಲಿ ‘ದ್ವಿಜ’ ಎಂಬ ಶಬ್ದಕ್ಕೆ ಬ್ರಾಹ್ಮಣ, ಪಕ್ಷಿ, ಹಲ್ಲು ಎಂದು ಮೂರು ಅರ್ಥಗಳುಂಟೆಂಬುದನ್ನು ಅಮರಕೋಶವನ್ನು ಬಾಯಿಪಾಠ ಮಾಡಿದ ಪಾಠಶಾಲೆಯ ಹುಡುಗನು ಸಹ ಬಲ್ಲನು. ಮೂರಕ್ಕೂ ಎರಡೆರಡು ಜನ್ಮಗಳು. ಹಕ್ಕಿಯು ಮೊದಲು ತತ್ತಿಯಾಗಿ ಹುಟ್ಟಿ, ಬಳಿಕ ತತ್ತಿಯನ್ನೊಡೆದುಕೊಂಡು ಹುಟ್ಟುವದು. ವಟುವಿಗೆ ಉಪನಯನವೇ ಎರಡನೆಯ ಜನ್ಮ. ಹಲ್ಲಾದರೋ ಒಮ್ಮೆ ಬಂದು ಉದುರಿ ಮತ್ತೊಮ್ಮೆ ಬರುವದು. ತತ್ತಿಯನ್ನು ಯಾವ ಹಕ್ಕಿಯೂ ಅಲಕ್ಷಿಸುವದಿಲ್ಲ. ವಟುವಿನ ಮೊದಲಿನ ಎಂಟು ವರ್ಷಗಳನ್ನು ಯಾವ ತಾಯಿತಂದೆಗಳೂ ಅಲಕ್ಷಿಸುವದಿಲ್ಲ. ಹಲ್ಲಿನ ಮೊದಲನೆಯ ಜನ್ಮವೊಂದು ಮಾತ್ರ ನಮ್ಮಲ್ಲಿ ಲೆಕ್ಕಕ್ಕೆ ಬಾರದೆ ಹೋಗಿರುವದು. “ಹೆಂಗೂ ಉದುರೂ ಹಲ್ಲು, ಅದಕ್ಯಾಕ ಔಷಧ?” ಎಂಬ ಮಾತನ್ನು ಹುಬ್ಬಳ್ಳಿಯ ದಕ್ಷಿಣದ ಅಂಚಿನಲ್ಲಿರುವ ನಮ್ಮ ಗಬ್ಬೂರಿನ ಕಟ್ಟೆಗಳ ಮೇಲೆ ನಾನು ಇಂದಿಗೂ ಕೇಳುತ್ತಿರುವೆನು. ಓದುಬರಹ ಬಲ್ಲ ಮನೆಗಳಲ್ಲಿಯೂ ಕೇಳಿರುವೆನು. ಈ ಮಾತು ನಮ್ಮ ಹಿರಿಯರ ಶಾಸ್ತ್ರದಿಂದ ಬಂದುದೋ, ಶಾಸ್ತ್ರವನ್ನು ಅರ್ಧ ಮರೆತುದರಿಂದ ಬಂದುದೋ ಎಂಬುದನ್ನು ವಿಚಾರಿಸಬೇಕೆಂದು ಇಷ್ಟನ್ನು ಬರೆಯುತ್ತೇನೆ.

ಮೊದಲು ಹೇಳತಕ್ಕದ್ದೇನೆಂದರೆ, ನಮ್ಮ ಪೂರ್ವಜರು ಹಾಲುಹಲ್ಲನ್ನು ಕ್ಷುದ್ರವೆಂದು ಎಣಿಸಿರಲಿಲ್ಲ. ಧರ್ಮಶಾಸ್ತ್ರವನ್ನೇ ನೋಡಿರಿ. ಶಿಶುಮರಣದ ಆಶೌಚವನ್ನು ಹೇಳುವಾಗ ಯಾಜ್ಞವಲ್ಕ್ಯಸ್ಮೃತಿಯು ಮೊದಲ ಮೇರೆಯಾಗಿ ಹಿಡಿದುದು ಹಲ್ಲನ್ನು. ಹಲ್ಲು ಮೂಡುವ ಮೊದಲೇ ಕೂಸು ತೀರಿಕೊಂಡರೆ ಬಂಧುಗಳಿಗೆ ಕೂಡಲೆ ಶುದ್ಧಿ. ಹಲ್ಲು ಮೂಡಿದ ಬಳಿಕ ಚೌಲದ ವರೆಗೆ ಒಂದು ರಾತ್ರಿ. ಅಲ್ಲಿಂದ ಉಪನಯನದ ವರೆಗೆ ಮೂರು ರಾತ್ರಿ. ಅಂದರೆ ಒಸಡಿನೊಳಗಿಂದ ಅಕ್ಕಿಕಾಳಿನಷ್ಟು ಬಿಳುಪು ತೋರಿದಂದಿನಿಂದ ಆ ಕೂಸು ಕುಲದ ಲೆಕ್ಕದಲ್ಲಿ ಒಂದು ಮೆಟ್ಟಿಲು ಮೇಲೇರಿತು. ಈ ಸ್ಮೃತಿಗೆ ಮಿತಾಕ್ಷರೆಯೆಂಬ ಜಗತ್ಪ್ರಸಿದ್ಧ ವ್ಯಾಖ್ಯಾನವು ಹುಟ್ಟಿದುದು ನಮ್ಮ ಕನ್ನಡ ನಾಡಿನಲ್ಲಿಯೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ರಾಜಧಾನಿಯಾದ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಅದನ್ನು ಬರೆದನು. ಆ ಕಾಲದಲ್ಲಿ ಎಷ್ಟು ಕೂಸುಗಳು ಹಲ್ಲು ಬರುವ ಮೊದಲೇ ಹೋಗುತ್ತಿದ್ದಿರಬೇಕೆಂಬುದನ್ನು ಇಂತಹ ವಿಧಿಗಳೇ ನಮಗೆ ಮೆಲ್ಲಗೆ ತಿಳಿಸುವವು.

ವೈದ್ಯಗ್ರಂಥಗಳ ಕಡೆಗೆ ತಿರುಗಿದರೆ, ಮಕ್ಕಳ ಹಲ್ಲಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟುದು ಕಾಶ್ಯಪಸಂಹಿತೆ. ವೃದ್ಧಜೀವಕೀಯ ತಂತ್ರವೆಂದೂ ಹೆಸರುಳ್ಳ ಈ ಗ್ರಂಥವು ಬಾಲವೈದ್ಯದ ಆಕರವಾದರೂ ಬಹುಕಾಲ ಕಣ್ಮರೆಯಾಗಿದ್ದಿತು. ನೇಪಾಳದಲ್ಲಿ ದೊರೆತ, ಅಲ್ಲಲ್ಲಿ ಹಾಳೆ ಕಳೆದುಹೋದ ತಾಳೆಯ ಗರಿಯ ಪ್ರತಿಯಿಂದ ರಾಜಗುರು ಹೇಮರಾಜ ಶರ್ಮರ ವಿಸ್ತಾರವಾದ ಉಪೋದ್ಘಾತದೊಂದಿಗೆ 1938ರಲ್ಲಿ ಅದು ಮುಂಬಯಿಯಲ್ಲಿ ಅಚ್ಚಾಯಿತು. ಅದರಲ್ಲಿಯ ದಂತಜನ್ಮಿಕವೆಂಬ ಅಧ್ಯಾಯವು ಉಳಿದು ಬಂದುದು ನಮ್ಮ ಭಾಗ್ಯವೇ ಸರಿ. ಯಾವ ತಿಂಗಳಲ್ಲಿ ಮೊದಲ ಹಲ್ಲು ಮೂಡಿದರೆ ಏನು ಗುಣ ಎಂಬುದನ್ನು ಕಾಶ್ಯಪನು ವಿವರಿಸುವನು. ನಾಲ್ಕನೆಯ ತಿಂಗಳಲ್ಲಿ ಮೂಡಿದವು ದುರ್ಬಲ, ಎಂಟನೆಯದರಲ್ಲಿ ಮೂಡಿದವು ಸರ್ವಗುಣಸಂಪನ್ನ. ಹುಟ್ಟಿದ ಎಷ್ಟನೆಯ ತಿಂಗಳಲ್ಲಿ ಹಲ್ಲು ಮೂಡಿತೋ ಅಷ್ಟನೆಯ ವರ್ಷದಲ್ಲಿ ಅದು ಬಿದ್ದು ಮರಳಿ ಹುಟ್ಟುವದೆಂದು ಅವನ ಸೂತ್ರ. ಕೆಳಗಿನ ಮುಂದಿನ ಹಲ್ಲುಗಳ ಮಟ್ಟಿಗೆ ಈ ಲೆಕ್ಕವು ಬಲುಮಟ್ಟಿಗೆ ಸರಿಯಾಗಿಯೇ ಇರುವದು. ಆರನೆಯ ತಿಂಗಳ ಸುಮಾರಿಗೆ ಬಂದವು ಆರನೆಯ ವರ್ಷದ ಸುಮಾರಿಗೆ ಅಲುಗಾಡತೊಡಗುವವು. ಹುಡುಗಿಯರಿಗೆ ಹಲ್ಲುಗಳು ಬೇಗನೆಯೂ ಕಡಿಮೆ ನೋವಿನಿಂದಲೂ ಬರುವವೆಂದು ಅವನು ಹೇಳಿರುವನು. ಎರಡನೆಯ ಹಲ್ಲುಗಳು ಹುಡುಗಿಯರಿಗೇ ತುಸು ಮೊದಲು ಬರುವವೆಂದು ಇಂದಿನವರೂ ಅಳೆದು ನೋಡಿರುವರು. ಮೇಲಿನ ಹಲ್ಲು ಮೊದಲು ಮೂಡುವದನ್ನು ಅವನು ಅಮಂಗಲಗಳಲ್ಲಿ ಎಣಿಸಿದನು. ನಮ್ಮ ಹೆಣ್ಣುಮಕ್ಕಳು ಅದನ್ನೇ ಸೋದರಮಾವನ ತಲೆಗೆ ಕಟ್ಟಿರುವರು. ಪಾಪ, ಆ ಸೋದರಮಾವನು ಇದರಲ್ಲಿ ಮಾಡಿದ ಅಪರಾಧವೇನೆಂಬುದು ನನಗೆ ಇನ್ನೂ ತಿಳಿದಿಲ್ಲ.

ಇದೇ ಅಧ್ಯಾಯದಲ್ಲಿ ಒಂದು ಎಣಿಕೆಯು ಬರುವದು. ವಾಚಕರು ಅದನ್ನು ಸ್ವಲ್ಪ ಲಕ್ಷ್ಯಗೊಟ್ಟು ನೋಡಬೇಕು. ಮನುಷ್ಯನಿಗೆ ಮೂವತ್ತೆರಡು ಹಲ್ಲುಗಳು. ಅವುಗಳಲ್ಲಿ ಎಂಟು ಒಂದೇ ಸಲ ಹುಟ್ಟತಕ್ಕವು, ಉಳಿದವು ದ್ವಿಜಗಳು ಎಂದು ಕಾಶ್ಯಪನ ಮತ. ಉಳಿದವೆಂದರೆ ಇಪ್ಪತ್ತನಾಲ್ಕಾಯಿತು. ಆದರೆ ಯಾವ ಮನೆಯಲ್ಲಿಯಾದರೂ ಮೂರು ವರ್ಷದ ಕೂಸಿನ ಬಾಯಿ ತೆರೆಯಿಸಿ ಎಣಿಸಿದರೆ ಹಾಲುಹಲ್ಲುಗಳು ಇಪ್ಪತ್ತೇ ಸಿಕ್ಕುವವು. ಒಂದೇ ಸಲ ಹುಟ್ಟುವವು ಎಂಟಲ್ಲ, ಹನ್ನೆರಡು. ಈ ನಾಲ್ಕರ ಅಂತರವು ಎಲ್ಲಿಂದ ಬಂದಿತು? ನನ್ನ ಊಹೆ ಹೀಗಿರುವದು. ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ಮೇಲೆ ಎರಡು ಕೆಳಗೆ ಎರಡು, ನಾಲ್ಕು ದೊಡ್ಡ ದವಡೆಹಲ್ಲುಗಳು ಬರುವವು. ಅವು ಬರುವಾಗ ಯಾವ ಹಲ್ಲೂ ಉದುರುವದಿಲ್ಲ, ಕೂಸು ಅಷ್ಟಾಗಿ ಅಳುವದೂ ಇಲ್ಲ. ಸದ್ದಿಲ್ಲದೆ ಬಂದ ಈ ನಾಲ್ಕನ್ನೂ ಪ್ರಾಚೀನರು ಹಾಲುಹಲ್ಲುಗಳ ಗುಂಪಿಗೆ ಸೇರಿಸಿ ಎಣಿಸಿರಬೇಕು. ಸಾವಿರಾರು ವರ್ಷಗಳ ಹಿಂದಿನವರ ಎಣಿಕೆಯೆಂದು ನಾವು ನಗಬೇಕಾದುದಿಲ್ಲ. ಗಬ್ಬೂರಿನ ಮನೆಗಳಲ್ಲಿ ಇಂದು ಅದೇ ಎಣಿಕೆಯು ನಡೆದಿರುವದು. ಒಂದನೆಯ ಇಯತ್ತೆಯ ಹುಡುಗನ ಹಿಂದಿನ ದವಡೆ ಕಪ್ಪಾದರೆ “ಹಾಲಹಲ್ಲು, ಬೀಳತದ ಬಿಡ್ರಿ” ಎಂದುಬಿಡುವರು. ಅದು ಬೀಳುವದಿಲ್ಲ, ಬಿದ್ದರೆ ಮತ್ತೆ ಬರುವದಿಲ್ಲ. ಆಯುಷ್ಯವೆಲ್ಲ ರೊಟ್ಟಿ ಅಗಿಯಬೇಕಾದ ಮುಖ್ಯ ಹಲ್ಲು ಹೀಗೆ ಹತ್ತು ವರ್ಷ ತುಂಬುವದರೊಳಗೆ ಹಾಳಾಗಿಹೋಗುವದು.

ಇನ್ನು ಹಲ್ಲು ಬರುವಾಗಿನ ರೋಗಗಳ ಮಾತು. ಹಲ್ಲು ಮೊಳೆಯುವದು ಸಕಲ ರೋಗಗಳಿಗೂ ಮನೆಯೆಂದು ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಹೇಳಿ, ಜ್ವರ, ಭೇದಿ, ಕೆಮ್ಮು, ವಾಂತಿ ಮೊದಲಾದವುಗಳನ್ನು ಎಣಿಸಿರುವನು. ಇಷ್ಟರ ಮಟ್ಟಿಗೆ ಅವನ ಮತವನ್ನು ಇಂದು ಒಪ್ಪಲು ಬಾರದು. ಹಲ್ಲಿನಿಂದ ಜೊಲ್ಲು, ಕಿರಿಕಿರಿ, ಒಸಡಿನ ಬಾವು, ಅಲ್ಪಸ್ವಲ್ಪ ಮೈಬಿಸಿ ಉಂಟಾದಾವೇ ಹೊರತು ಬಲವಾದ ಜ್ವರವೂ ನೀರಿನಂತಹ ಭೇದಿಯೂ ಉಂಟಾಗಲಾರವೆಂಬುದು ಇಂದಿನ ವೈದ್ಯರ ನಿರ್ಣಯ. ಆ ವಯಸ್ಸಿನಲ್ಲಿ ಕೂಸು ನೆಲದ ಮೇಲಿನದನ್ನೆಲ್ಲ ಬಾಯಿಗಿಡುವದರಿಂದ ಹೊಟ್ಟೆ ಕೆಡುವದು. ಅಪವಾದವು ಹಲ್ಲಿಗೆ ಬರುವದು. ‘ಹಲ್ಲಿನ ಭೇದಿ’ ಎಂದು ಎರಡು ದಿನ ಸುಮ್ಮನಿದ್ದುದರಿಂದ ಮೈಯೊಳಗಿನ ನೀರು ಬತ್ತಿ ಕೈಬಿಟ್ಟುಹೋದ ಕೂಸುಗಳ ಲೆಕ್ಕವನ್ನು ಯಾರು ಇಟ್ಟಿರುವರು?

ಆದರೆ ಚಿಕಿತ್ಸೆಯ ವಿಷಯದಲ್ಲಿ ವಾಗ್ಭಟನ ವಿವೇಕವು ದೊಡ್ಡದು. ಹಲ್ಲಿನಿಂದಾದ ಬಾಧೆಗಳಿಗಾಗಿ ಕೂಸನ್ನು ಅತಿಯಾಗಿ ಕಟ್ಟುಪಾಡಿಗೆ ಗುರಿಮಾಡಬಾರದು, ಹಲ್ಲು ಬಂದ ಮೇಲೆ ಅವು ತಾವಾಗಿಯೇ ಶಮನವಾಗುವವು ಎಂಬುದು ಅವನ ಅಭಿಪ್ರಾಯ. ಇದರ ಬೆಲೆಯು ತಿಳಿಯಬೇಕಾದರೆ ಯುರೋಪಿನ ಕಡೆಗೆ ಒಮ್ಮೆ ನೋಡಬೇಕು. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸದೇಶದ ಪ್ರಖ್ಯಾತ ಶಸ್ತ್ರವೈದ್ಯನಾದ ಆಂಬ್ರೋಯಿಸ್ ಪಾರೇ ಎಂಬವನು ಹಲ್ಲು ಬರದ ಕೂಸಿನ ಒಸಡನ್ನು ಕೊಯ್ದು ದಾರಿಮಾಡಿಕೊಡುವ ಪದ್ಧತಿಯನ್ನು ಪ್ರಚುರಪಡಿಸಿದನು. 1742ರಲ್ಲಿ ಇಂಗ್ಲಂಡದ ಜೋಸೆಫ್ ಹರ್ಲಾಕನು ಅದನ್ನೇ ಎತ್ತಿಹಿಡಿದು ಒಂದು ಪುಸ್ತಕವನ್ನು ಬರೆದನು. ಹತ್ತೊಂಬತ್ತನೆಯ ಶತಮಾನದ ವರೆಗೂ ವೈದ್ಯನ ಚೀಲದಲ್ಲಿ ಒಸಡು ಕೊಯ್ಯುವ ಚೂರಿಯೊಂದು ಇರುತ್ತಿದ್ದಿತು. 1839ರಲ್ಲಿ ಇಂಗ್ಲಂಡ ಮತ್ತು ವೇಲ್ಸಗಳ ಮರಣದ ದಾಖಲೆಯಲ್ಲಿ ‘ಹಲ್ಲು ಬರುವಿಕೆ’ಯನ್ನೇ ಕಾರಣವಾಗಿ ಬರೆದ ಸಾವುಗಳು 5016. ಇದು ಸಾಲದೆಂದು ಪಾರಜದಿಂದ ಮಾಡಿದ ಕ್ಯಾಲೊಮೆಲ್ ಬೆರೆಸಿದ ಪುಡಿಗಳನ್ನು ಕೂಸುಗಳಿಗೆ ತಿನ್ನಿಸಿದರು. ಅಂಗೈ ಅಂಗಾಲುಗಳು ಕೆಂಪಾಗಿ ಸುಲಿದು ಕೂಸು ಕೊರಗುವ ಒಂದು ವಿಚಿತ್ರ ರೋಗಕ್ಕೆ ಈ ಪಾರಜವೇ ಮೂಲವೆಂದು ಗೊತ್ತಾದ ಮೇಲೆ, 1954ರಲ್ಲಿ ಇಂಗ್ಲಂಡದಲ್ಲಿ ಆ ಪುಡಿಗಳಿಂದ ಅದನ್ನು ತೆಗೆದುಹಾಕಿದರು. ನಮ್ಮ ಅಜ್ಜಿಯರು ಬಜೆಯನ್ನೋ ಮಾಚಿಕಾಯಿಯನ್ನೋ ಸಾಣೆಯ ಮೇಲೆ ಒಂದೆರಡು ಸುತ್ತು ತೇದು ಬಾಲಗುಟ್ಟಿ ನೆಕ್ಕಿಸಿ ಸುಮ್ಮನಾಗುತ್ತಿದ್ದರು. ಅದರಿಂದ ಗುಣವಾಗುತ್ತಿತ್ತೆಂದು ನಾನು ವಾದಿಸುವದಿಲ್ಲ. ಒಸಡಿಗೆ ಚೂರಿಯಂತೂ ಬೀಳಲಿಲ್ಲ.

ಇಷ್ಟಕ್ಕೆ ಹಿಗ್ಗಿ ಕುಳಿತುಕೊಳ್ಳುವಂತಿಲ್ಲ. ಹಲ್ಲು ಬರುವಾಗ ಸುಮ್ಮನಿರಬೇಕೆಂಬ ಒಳ್ಳೆಯ ಮಾತನ್ನು ಹಿಡಿದು, ಹಲ್ಲು ಹುಳುಕಾಗುವಾಗಲೂ ಸುಮ್ಮನಿರುವ ಕೆಟ್ಟ ರೂಢಿಯನ್ನು ನಾವು ಬೆಳೆಯಿಸಿಕೊಂಡೆವು. ಶಾಸ್ತ್ರದಲ್ಲಿಯೇ ಇದಕ್ಕೊಂದು ಸಂದು ಇದ್ದಿತು. ದೊಡ್ಡವರ ದಂತಧಾವನಕ್ಕೆ ಸುಶ್ರುತನು ಹನ್ನೆರಡು ಅಂಗುಲ ಉದ್ದದ, ಕಿರುಬೆರಳಿನಷ್ಟು ದಪ್ಪದ ಹಸಿಯ ಕಡ್ಡಿಯನ್ನು ವಿಧಿಸಿ, ಕಹಿಗೆ ಬೇವು, ಒಗರಿಗೆ ಕಾಚು, ಖಾರಕ್ಕೆ ಹೊಂಗೆ ಎಂದು ಆರಿಸಿಕೊಟ್ಟಿರುವನು. ಹಲ್ಲಿನ ರೋಗಗಳು ಎಂಟು, ಹಲ್ಲಿನ ಬುಡದ ರೋಗಗಳು ಹದಿನೈದು ಎಂದು ವಿಂಗಡಿಸಿರುವನು. ಆದರೆ ಬಾಯಿ ಮುಕ್ಕಳಿಸುವ ಕವಲವನ್ನು ಐದು ವರ್ಷದೊಳಗಿನವರಿಗೆ ಮಾಡಿಸಬಾರದೆಂದು ವಾಗ್ಭಟನ ನಿಯಮ. ಶಾರ್ಙ್ಗಧರನೂ ಐದನೆಯ ವರ್ಷದಿಂದಲೇ ಎಂದಿರುವನು. ನೀರು ಗಂಟಲಿಗೆ ಸಿಕ್ಕೀತೆಂಬ ಭಯದಿಂದ ಹೇಳಿದ ಮಾತಿದ್ದೀತು. ಪರಿಣಾಮವೇನಾಯಿತೆಂದರೆ ಇಪ್ಪತ್ತು ಹಾಲುಹಲ್ಲುಗಳೂ ಬಂದು ನಿಂತು ಕೆಲಸ ಮಾಡುವ ಆ ಮೊದಲಿನ ಐದು ವರ್ಷಗಳು ದಿನಚರಿಯ ಹೊರಗುಳಿದವು. ಕನ್ನಡದಲ್ಲಿ ಮಕ್ಕಳ ಚಿಕಿತ್ಸೆಗೆಂದು ಬರೆದ ಹಳೆಯ ಗ್ರಂಥವೆಂದರೆ ಸುಮಾರು 1200ರ ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆ. ಹೆಸರೇ ಹೇಳುವಂತೆ ಅದರ ದೃಷ್ಟಿಯು ಗ್ರಹಬಾಧೆಯ ಕಡೆಗೆ. ಹಾಲುಹಲ್ಲಿನ ಹುಳುಕಿಗೆಂದೇ ಒಂದು ಪ್ರಕರಣವನ್ನು ನಾನು ಓದಿದ ಯಾವ ಗ್ರಂಥದಲ್ಲಿಯೂ ಕಾಣಲಿಲ್ಲ.

ಹುಳುಕೆಂಬ ಶಬ್ದದಲ್ಲಿಯೇ ಹುಳುವಿದೆ. ಸುಶ್ರುತನ ಕೃಮಿದಂತವೂ ಹಾಗೆಯೇ. ಬಾಬಿಲೋನಿಯದವರಿಂದ ಹಿಡಿದು ಭೂಮಂಡಲದ ಜನರೆಲ್ಲ ಹಲ್ಲಿನಲ್ಲಿ ಹುಳುವಿರುವದೆಂದೇ ನಂಬಿದ್ದರು. ಸಂತೆಜಾತ್ರೆಗಳಲ್ಲಿ ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಹೊಗೆಯನ್ನು ಬಾಯಿಗೆ ಹಿಡಿಸಿ, ಕೆಳಗಿಟ್ಟ ನೀರಿನ ಬಟ್ಟಲಲ್ಲಿ ಬಿದ್ದ ಬಿಳಿಯ ಹುಳುಗಳನ್ನು ತೋರಿಸಿ ದುಡ್ಡು ಎಣಿಸಿಕೊಳ್ಳುವವರಿದ್ದರು. ಆ ಹುಳುಗಳು ಬೇರೆಯೇನೂ ಅಲ್ಲ. ಕಾವಿಗೆ ಸಿಡಿದ ಬೀಜದೊಳಗಿನ ಎಳೆಯ ಮೊಳಕೆಗಳು. 1728ರಲ್ಲಿ ಫ್ರಾನ್ಸದ ಪಿಯೆರ್ ಫೋಶಾರನು ದಂತವೈದ್ಯದ ತನ್ನ ಮಹಾಗ್ರಂಥದಲ್ಲಿ, ತಾನು ಸೂಕ್ಷ್ಮದರ್ಶಕದಿಂದ ನೋಡಿದರೂ ಹುಳು ಕಾಣಲಿಲ್ಲವೆಂದು ನೇರವಾಗಿ ಬರೆದನು. ಬರ್ಲಿನ್ನಿನಲ್ಲಿದ್ದ ಅಮೇರಿಕದ ವಿಲೋಬಿ ಮಿಲ್ಲರನು 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿಜವಾದ ಕಾರಣವನ್ನು ತೋರಿಸಿದನು. ಬಾಯಿಯೊಳಗಿನ ಅತಿಸೂಕ್ಷ್ಮ ಜಂತುಗಳು ಸಕ್ಕರೆ, ಹಿಟ್ಟುಗಳನ್ನು ಹುಳಿಯಿಸಿ ಆಮ್ಲವನ್ನುಂಟುಮಾಡುವವು. ಆ ಆಮ್ಲವು ಹಲ್ಲಿನ ಸುಣ್ಣವನ್ನು ಕರಗಿಸುವದು. ಹೀಗೆ ನೋಡಿದರೆ ಕೃಮಿಯೆಂಬುದು ಪೂರ್ತಿ ಸುಳ್ಳಾಗಲಿಲ್ಲ, ಕಣ್ಣಿಗೆ ಕಾಣುವ ಕೃಮಿಯೆಂಬುದು ಸುಳ್ಳಾಯಿತು.

ಹಾಲುಹಲ್ಲಿನ ಹೊದಿಕೆಯು ಎರಡನೆಯ ಹಲ್ಲಿನದಕ್ಕಿಂತ ತೆಳು. ಒಳಗಿನ ಜೀವಭಾಗವೋ ದೊಡ್ಡದು. ಅದರಿಂದ ಮಳೆಗಾಲದಲ್ಲಿ ಕಂಡ ಕಪ್ಪು ಚಿಕ್ಕೆಯು ಯುಗಾದಿಯೊಳಗೆ ಕೀವಿನ ಗುಳ್ಳೆಯಾಗಬಹುದು. ಹಿಂದಿನ ಹಾಲುದವಡೆಗಳು ಉದುರುವದು ಹತ್ತರಿಂದ ಹನ್ನೆರಡನೆಯ ವರ್ಷಕ್ಕೆ. ನಾಲ್ಕನೆಯ ವರ್ಷದಲ್ಲಿ ಹುಳುಕಾದ ದವಡೆಯನ್ನು ಹೊತ್ತುಕೊಂಡು ಕೂಸು ಇನ್ನೂ ಆರೇಳು ವರ್ಷ ಉಣ್ಣಬೇಕು, ನಿದ್ದೆ ಮಾಡಬೇಕು, ಬರೆಯಬೇಕು, ಓದಬೇಕು. ನಾನು ಸಾಲೆಯಲ್ಲಿದ್ದಾಗ ಗಲ್ಲ ಊದಿ ಅರಿವೆ ಕಟ್ಟಿಕೊಂಡು ಬಂದು ಹಿಂದಿನ ಸಾಲಿನಲ್ಲಿ ತಲೆ ಕೆಳಗೆ ಹಾಕಿ ಕೂಡ್ರುವ ಮಕ್ಕಳನ್ನು ಪ್ರತಿವರ್ಷವೂ ನೋಡಿದೆನು. ಅವರನ್ನು ದಡ್ಡರೆಂದು ಪಟ್ಟಿಯಲ್ಲಿ ಬರೆದ ಮಾಸ್ತರರೂ ಇದ್ದರು. ಸಾಲದುದಕ್ಕೆ, ಹಾಲುದವಡೆಯನ್ನು ಹೊತ್ತಿಗೆ ಮೊದಲೇ ಕಿತ್ತರೆ ಹಿಂದಿನ ಆರುವರ್ಷದ ಹಲ್ಲು ಮುಂದಕ್ಕೆ ಸರಿದು ಆ ಜಾಗೆಯನ್ನು ಆಕ್ರಮಿಸುವದು. ಕೆಳಗಿನಿಂದ ಬರತಕ್ಕ ಹಲ್ಲಿಗೆ ದಾರಿಯಿಲ್ಲದೆ ಅದು ವಕ್ರವಾಗಿ ಹೊರಬೀಳುವದು. ಹಾಲುಹಲ್ಲು ಬರಿಯ ಬಾಡಿಗೆಯವನಲ್ಲ. ಒಡೆಯನು ಬರುವ ವರೆಗೆ ಮನೆಯನ್ನು ಕಾಯತಕ್ಕ ಕಾವಲುಗಾರನು.

ಈ ತಿಳಿವು ಸರಕಾರಗಳಿಗೆ ಬಂದುದು ದಯೆಯಿಂದಲ್ಲ, ದಂಡಿನ ಚಿಂತೆಯಿಂದ. 1899ರಲ್ಲಿ ಆರಂಭವಾದ ಬೋಅರ್ ಯುದ್ಧದ ಹೊತ್ತಿಗೆ ಇಂಗ್ಲಂಡದಲ್ಲಿ ಸಿಪಾಯಿಗಳಾಗಲು ಬಂದ ಅನೇಕ ತರುಣರು ಹಲ್ಲು ಕೆಟ್ಟುದರಿಂದಲೇ ತಿರಸ್ಕೃತರಾದರು. ಮೂಲವನ್ನು ಹುಡುಕಿದಾಗ ಅದು ಬಾಲ್ಯದಲ್ಲಿ ಸಿಕ್ಕಿತು. 1902ರಲ್ಲಿ ಸ್ಟ್ರಾಸಬರ್ಗ ಪಟ್ಟಣದಲ್ಲಿ ಅರ್ನ್ಸ್ಟ್ ಯೆಸ್ಸೆನ್ನನ ಪ್ರಯತ್ನದಿಂದ ಸಾಲೆಯ ಮಕ್ಕಳಿಗಾಗಿ ನಗರಸಭೆಯ ದಂತಚಿಕಿತ್ಸಾಲಯವು ತೆರೆಯಿತು. 1921ರಲ್ಲಿ ನ್ಯೂಝೀಲಂಡವು ಹೆಣ್ಣುಮಕ್ಕಳಿಗೆ ಶಿಕ್ಷಣವನ್ನಿತ್ತು, ಸಾಲೆಸಾಲೆಗೂ ಅವರನ್ನೇ ದಂತದಾದಿಯರನ್ನಾಗಿ ಕಳಿಸುವ ಏರ್ಪಾಟನ್ನು ಆರಂಭಿಸಿತು. ನಮ್ಮ ದೇಶದಲ್ಲಿ ರಫಿಯುದ್ದೀನ ಅಹಮದರು 1920ರಲ್ಲಿ ಕಲಕತ್ತೆಯಲ್ಲಿ ಮೊದಲನೆಯ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. ಹುಬ್ಬಳ್ಳಿಯು ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು; ಆ ಮುಂಬಯಿಯಲ್ಲಿ 1933ರಲ್ಲಿ ನಾಯರ್ ಆಸ್ಪತ್ರೆಯ ದಂತವೈದ್ಯ ಕಾಲೇಜು ಹುಟ್ಟಿತು. ಆದರೆ ಹಾಲುಹಲ್ಲಿನ ಸಲುವಾಗಿ ಗಬ್ಬೂರಿನವರು ಮುಂಬಯಿಗೆ ಹೋಗುವದುಂಟೆ? 1948ರಲ್ಲಿ ದಂತವೈದ್ಯರ ಕಾಯಿದೆಯು ಬಂದು, ಮರುವರ್ಷ ಅಖಿಲ ಭಾರತದ ದಂತವೈದ್ಯ ಪರಿಷತ್ತು ಏರ್ಪಟ್ಟಿತು. ಬೆಂಗಳೂರಿನಲ್ಲಿ ಸರಕಾರಿ ದಂತವೈದ್ಯ ಕಾಲೇಜು 1958ರಲ್ಲಿ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯದು 1985ರಲ್ಲಿ ಆರಂಭವಾದವು. ಮರುವರ್ಷ, 1986ರಲ್ಲಿ, ಧಾರವಾಡದ ಸತ್ತೂರಿನಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತವೈದ್ಯ ಮಹಾವಿದ್ಯಾಲಯವು ತಲೆಯೆತ್ತಿತು. ಗಬ್ಬೂರಿನಿಂದ ಒಂದೇ ಗಂಟೆಯೊಳಗಿನ ದಾರಿ.

ಮನೆಯೊಳಗಿನ ಸಾಮಗ್ರಿಗಳೂ ಈ ನಡುವೆ ಬದಲಾದವು. ಬೇವಿನ ಕಡ್ಡಿ, ಕುಳ್ಳಿನ ಬೂದಿ, ಇದ್ದಲಿಗಳ ಕಾಲವು ಹಿಂದಾಯಿತು. ನಂಜನಗೂಡಿನಲ್ಲಿ ಬಿ. ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯು ಮೈಸೂರು ಸೀಮೆಯಲ್ಲಿ ಮನೆಮಾತಾಯಿತು. ನಮ್ಮ ಉತ್ತರದ ಕಡೆಗೆ ಹೊಗೆಸೊಪ್ಪನ್ನು ಸುಟ್ಟು ಪುಡಿಮಾಡಿದ ಮಿಶ್ರಿಯ ಚಟವು ಹೆಣ್ಣುಮಕ್ಕಳಲ್ಲಿ ಬೇರೂರಿದ್ದಿತು. ತಾಯಿಯ ಬೆರಳನ್ನು ನೋಡಿ ಮಗಳೂ ಕಲಿಯುತ್ತಿದ್ದಳು. ಹಲ್ಲುಪುಡಿ, ಪೇಸ್ಟುಗಳಲ್ಲಿ ಹೊಗೆಸೊಪ್ಪನ್ನು ಬೆರೆಸಕೂಡದೆಂದು ಭಾರತ ಸರಕಾರವು 1992ರಲ್ಲಿ ಕಟ್ಟು ಮಾಡಿತು. ಹೊಸದಾಗಿ ಬಂದ ಕೇಡೆಂದರೆ ಸಕ್ಕರೆ. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಯಿಟ್ಟು ತಿನ್ನುತ್ತಿದ್ದ ಕೂಸು ಈಗ ಬೆಳಿಗ್ಗೆ ಎದ್ದವನೆ ಚಹದಲ್ಲಿ ಬಿಸ್ಕೀಟು ಅದ್ದುವದು. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗುವದು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವದರಿಂದ ಆ ಸಿಹಿಯು ಮೇಲಿನ ಮುಂದಿನ ಹಲ್ಲುಗಳಿಗೆ ಅಂಟಿ ರಾತ್ರಿಯೆಲ್ಲ ಉಳಿಯುವದು. ಈ ಬಾಟಲಿಯ ಹುಳುಕನ್ನು 1962ರಲ್ಲಿ ಅಮೇರಿಕದ ಎಲಿಯಾಸ್ ಫಾಸ್ ಎಂಬವರು ವಿವರಿಸಿದರು. ನಮ್ಮ ಅಂಗನವಾಡಿಗಳಲ್ಲಿ ಈಗ ಕಪ್ಪು ಮೊಂಡುಗಳಾಗಿ ಉಳಿದ ಮುಂದಿನ ಹಲ್ಲುಗಳನ್ನು ನೋಡಲು ಯಾವ ಪುಸ್ತಕವೂ ಬೇಕಾಗಿಲ್ಲ.

ಚಿಕಿತ್ಸೆಯೆಂದರೆ ಇಕ್ಕಳವೆಂದು ಹೆದರುವ ಕಾಲವೂ ಹೋಗಿರುವದು. ಹುಳುಕನ್ನು ಕೆರೆದು ಸಿಮೆಂಟು ತುಂಬುವದಂತೂ ಎಲ್ಲರಿಗೂ ಗೊತ್ತು. ಹೆಚ್ಚು ಕೆಟ್ಟ ಹಾಲುದವಡೆಗೆ ಉಕ್ಕಿನ ಟೋಪಿಯನ್ನು ತೊಡಿಸುವದು 1950ರಿಂದ ಪ್ರಚಾರದಲ್ಲಿದೆ. ಆ ಟೋಪಿಯು ಹಲ್ಲಿನೊಂದಿಗೆ ತಾನೂ ಉದುರುವದು. 1970ರ ಸುಮಾರಿಗೆ ಜಪಾನದಿಂದ ಬಂದ ಬೆಳ್ಳಿ ಮತ್ತು ಫ್ಲೋರೈಡುಗಳ ಒಂದು ದ್ರಾವಣವನ್ನು ಸವರಿದರೆ ಕೊರೆಯದೆ ಚುಚ್ಚದೆ ಹುಳುಕು ನಿಲ್ಲಬಹುದು. ಆದರೆ ಆ ಭಾಗವು ಕಪ್ಪಾಗುವದರಿಂದ ತಾಯಂದಿರು ಮುಖ ಸಿಂಡರಿಸುವರು. ಮನೆಯಲ್ಲಿ ಮಾಡತಕ್ಕದ್ದು ಇದಕ್ಕಿಂತ ಸುಲಭ. ಮೊದಲ ಹಲ್ಲು ಮೂಡಿದಂದಿನಿಂದಲೇ ಉಜ್ಜಬೇಕು, ಮೂರು ವರ್ಷದ ವರೆಗೆ ಅಕ್ಕಿಕಾಳಿನಷ್ಟು, ಮುಂದೆ ಆರರ ವರೆಗೆ ಬಟಾಣಿ ಕಾಳಿನಷ್ಟು ಫ್ಲೋರೈಡುಳ್ಳ ಪೇಸ್ಟು ಸಾಕು, ಉಜ್ಜತಕ್ಕವರು ದೊಡ್ಡವರು. ಐದು ವರ್ಷ ಕಾಯಬೇಕೆಂಬ ಹಳೆಯ ಸಂದನ್ನು ಹೀಗೆ ತುಂಬಬಹುದು.

ಫ್ಲೋರೈಡಿನ ಹೆಸರೆತ್ತಿದೊಡನೆ ಗದಗ, ಮುಂಡರಗಿಯ ಕಡೆಯ ಬಂಧುಗಳಿರುವ ವಾಚಕರು ಹುಬ್ಬೇರಿಸಿಯಾರು. ನ್ಯಾಯವೇ. ಆ ಸೀಮೆಯ ಕೊಳವೆಬಾವಿಗಳಲ್ಲಿ ಅದು ನೆಲದೊಳಗಿಂದಲೇ ಅತಿಯಾಗಿ ಬಂದು, ಮಕ್ಕಳ ಎರಡನೆಯ ಹಲ್ಲುಗಳು ಕಂದುಪಟ್ಟೆಗಳೊಡನೆಯೇ ಹುಟ್ಟುವವು. ಈ ಬಾಧೆಯನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದುದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ನೀರಿಲ್ಲದಿದ್ದಲ್ಲಿ ಒಂದೂವರೆಯನ್ನು ಮೀರಕೂಡದು ಎಂದು ಭಾರತೀಯ ಪ್ರಮಾಣವು ಹೇಳುವದು. ಆದುದರಿಂದ ಆ ಕಡೆಯವರು ಮೊದಲು ನೀರನ್ನು ಪರೀಕ್ಷೆ ಮಾಡಿಸಿ, ಪೇಸ್ಟಿನ ಮಾತನ್ನು ದಂತವೈದ್ಯರಲ್ಲಿ ಕೇಳುವದು ಲೇಸು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಹಲ್ಲಿನ ದೋಷಗಳನ್ನೂ ಸೇರಿಸಿರುವರು. ವೈದ್ಯರ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸಾಲೆಗೆ ಒಂದು ಸಲ ಬಂದು ನೋಡಬೇಕೆಂಬುದು ಅದರ ಏರ್ಪಾಟು. ಬಾಯಿ ನೋಡಿ, ಮೇಲಿನ ಆಸ್ಪತ್ರೆಗೆ ತೋರಿಸಬೇಕೆಂದು ಚೀಟಿಯನ್ನು ಬರೆದುಕೊಡುವರು. ನಮ್ಮ ಓಣಿಯ ಎರಡು ಮೂರು ಮನೆಗಳಲ್ಲಿ ನಾನು ಆ ಚೀಟಿಗಳನ್ನು ಕೇಳಿ ಇಸಿದುಕೊಂಡು ಓದಿದೆನು. ಒಂದರಲ್ಲಿ ಹುಳುಕಾದ ಹಲ್ಲು ಆರುವರ್ಷದ ದವಡೆಯೆಂದು ಸ್ಪಷ್ಟವಾಗಿ ಬರೆದಿದ್ದಿತು, ಹುಡುಗನ ಅಜ್ಜಿಯು ಅದನ್ನು ಕೇಳಿ, “ಅದು ಬೀಳೂದುಲ್ಲೇನ್ರಿ ಮಾಸ್ತರ?” ಎಂದು ಎರಡು ಸಲ ಕೇಳಿ, ಮರುದಿನದ ಮೊದಲ ಬಸ್ಸಿಗೆ ಮೊಮ್ಮಗನನ್ನು ಸತ್ತೂರಿಗೆ ಕರ‍್ಕೊಂಡು ಹೋದಳು.